ಕಟ್ಟಿಗೆಯೊಳಗಿನ ನಾತ: ಕೆಲವು ಟಿಪ್ಪಣಿಗಳು

ಗಿರಾಕಿ ಇಲ್ಲದ ವಾಸನೆ

ಹೂವಿನ ನಾತ ನನ್ನನ್ನು ಕಾಡುವುದಿಲ್ಲ. ಬೇಸಿಗೆ ಹತ್ತಿರವಾದಾಗ ಎಲೆ ಉದುರಿಸಿ ಬೋಳಾಗಿ ನಿಂತ ಪಿನಾರಿ ಮರ ಮೈತುಂಬ ಕೆಂಗಂದು ಹೂ ಬಿಡುತ್ತದೆ. ಕೆಳಗೆ ಹಾದುಹೋಗುವವರು ಎಲ್ಲೋ ಚರಂಡಿ ಕಟ್ಟಿಕೊಂಡಿದೆ ಎಂದುಕೊಂಡು ಸುತ್ತ ನೋಡುತ್ತಾರೆ. ಉದುರಿದ ಒಂದು ಹೂವನ್ನು ಎತ್ತಿ ನೋಡಿದರೆ ಅದರ ಮೇಲೆ ನೊಣ ಕೂತಿರುತ್ತದೆ. ಲಿನೇಯಸ್ 1753ರಲ್ಲಿ ಈ ಮರಕ್ಕೆ ಸ್ಟೆರ್ಕ್ಯುಲಿಯಾ ಫೀಟಿಡಾ ಎಂದು ಹೆಸರಿಟ್ಟ, ರೋಮನ್ನರ ಗೊಬ್ಬರದ ದೇವತೆಯನ್ನು ನೆನೆದು. ಹೂವು ಕರೆಯುತ್ತದೆ, ಕೀಟ ಬರುತ್ತದೆ. ಕೊಡುವವನೂ ಕೊಳ್ಳುವವನೂ ಕಣ್ಣೆದುರಿಗೇ ಇದ್ದಾರೆ.

ಎಲೆಯ ನಾತವೂ ಅರ್ಥವಾಗುತ್ತದೆ. ಬಾಯಿ ಹಾಕಲು ಬಂದ ಆಡು ಮೂಸಿ ಮುಂದೆ ಹೋದರೆ ಗಿಡ ಗೆದ್ದಂತೆ.

ಗೊಂದಲವಾಗುವುದು ಕಟ್ಟಿಗೆಯ ವಿಷಯದಲ್ಲಿ. ನಿಂತ ಮರದ ಕಾಂಡಕ್ಕೆ ಮೂಗು ತಾಗಿಸಿದರೆ ತೊಗಟೆಯ, ಪಾಚಿಯ, ಮಣ್ಣಿನ ವಾಸನೆ ಬಿಟ್ಟರೆ ಬೇರೇನೂ ಇಲ್ಲ. ಗರಗಸ ಇಳಿದಾಗ ಮಾತ್ರ ಒಳಗಿದ್ದದ್ದು ಹೊರಬರುತ್ತದೆ. ಐವತ್ತು ಅರವತ್ತು ವರ್ಷ ಯಾರ ಮೂಗಿಗೂ ಸಿಗದಂತೆ ಮುಚ್ಚಿಟ್ಟ ವಾಸನೆ ಅದು. ಕರೆಯುವುದಕ್ಕೂ ಅಲ್ಲ, ಓಡಿಸುವುದಕ್ಕೂ ಅಲ್ಲ ಎಂದರೆ ಅದು ಒಳಗೆ ಏಕಿದೆ? ಗಂಧದ ಮರದ ಪರಿಮಳಕ್ಕೂ ಇದೇ ಪ್ರಶ್ನೆ ಕೇಳಬೇಕು. ಶ್ರೀಗಂಧವೂ ನಿಂತಾಗ ಘಮಘಮಿಸುವುದಿಲ್ಲ. ಪರಿಮಳ ನಮಗೆ ಇಷ್ಟವಾದ್ದರಿಂದ ಯಾರೂ ಕಾರಣ ಕೇಳಲಿಲ್ಲ. ನಾತದ ಮರ ನಮ್ಮನ್ನು ಕೇಳುವಂತೆ ಮಾಡುತ್ತದೆ.

ಮಲದ ವಾಸನೆಯ ಮರ

ನಮ್ಮ ಪಶ್ಚಿಮಘಟ್ಟದಲ್ಲೂ ಶ್ರೀಲಂಕಾದಲ್ಲೂ ಬೆಳೆಯುವ ಸೆಲ್ಟಿಸ್ ಟಿಮೊರೆನ್ಸಿಸ್ ಈ ವಿಷಯದಲ್ಲಿ ಎಲ್ಲಕ್ಕಿಂತ ಮುಂದು. ಸಿಂಹಳೀಯರು ಇದನ್ನು ಗುರೆಂದ ಎನ್ನುತ್ತಾರೆ. ನೋಡಲು ಸಾಧಾರಣ ಕಾಡುಮರ, ಎಲೆಯಲ್ಲಿ ಬುಡದಿಂದಲೇ ಹೊರಟ ಮೂರು ನರ. ಕಾಂಡವನ್ನೋ ದಪ್ಪ ಕೊಂಬೆಯನ್ನೋ ಕಡಿದರೆ ಮನುಷ್ಯರ ಮಲದ ನಾತ. ಹತ್ತಿರ ಹತ್ತಿರದ ವಾಸನೆಯಲ್ಲ, ಅದೇ ವಾಸನೆ. ಒಣಗಿದ ತುಂಡಿನ ಮೇಲೆ ನೀರು ಚಿಮುಕಿಸಿ ತೇಯ್ದರೆ ಮತ್ತೆ ಎದ್ದುಬರುತ್ತದೆ.

ಅದೇ ವಾಸನೆ ಎಂಬುದು ಬರೀ ಮೂಗಿನ ಮಾತಲ್ಲ. 1877ರಲ್ಲಿ ಜರ್ಮನಿಯ ಲುಡ್ವಿಗ್ ಬ್ರೀಗರ್ ಮನುಷ್ಯರ ಮಲದಿಂದ ಒಂದು ವಸ್ತುವನ್ನು ಬೇರ್ಪಡಿಸಿದ. ಅದಕ್ಕೆ ಸ್ಕಟೋಲ್ ಎಂದು ಹೆಸರಾಯಿತು. ನಾವು ತಿಂದ ಬೇಳೆಕಾಳಿನ ಪ್ರೋಟೀನಿನಲ್ಲಿರುವ ಟ್ರಿಪ್ಟೋಫ್ಯಾನ್ ಎಂಬ ಅಂಶವನ್ನು ಕರುಳಿನ ಬ್ಯಾಕ್ಟೀರಿಯಾ ಒಡೆದಾಗ ಉಳಿಯುವ ವಸ್ತು ಇದು. 1889ರಲ್ಲಿ ಲಂಡನ್ನಿನ ವಿಂಡಮ್ ಡನ್‌ಸ್ಟನ್ ಈ ಮರದ ಕಟ್ಟಿಗೆಯನ್ನು ಪರೀಕ್ಷಿಸಿದಾಗ ಅದರಲ್ಲಿ ಸಿಕ್ಕಿದ್ದೂ ಸ್ಕಟೋಲ್! ಆಗ ಮರಕ್ಕೆ ಸೆಲ್ಟಿಸ್ ರೆಟಿಕ್ಯುಲೋಸಾ ಎಂಬ ಹೆಸರಿತ್ತು. ಪ್ರಾಣಿಯ ಹೊಟ್ಟೆಯ ಕಸ ಎಂದುಕೊಂಡಿದ್ದ ವಸ್ತುವನ್ನು ಸಸ್ಯದಲ್ಲೂ ಕಂಡದ್ದನ್ನು ಡನ್‌ಸ್ಟನ್ ರಾಯಲ್ ಸೊಸೈಟಿಯ ಮುಂದಿಟ್ಟ.

ಇದನ್ನು ಓದಿದಾಗ ನನ್ನ ಗೊಂದಲ ಕಡಿಮೆಯಾಗುವ ಬದಲು ಹೆಚ್ಚಿತು. ಕರುಳಿನಲ್ಲಿ ಈ ಕೆಲಸ ಮಾಡುವುದು ಬ್ಯಾಕ್ಟೀರಿಯಾ. ಕಟ್ಟಿಗೆಯೊಳಗೆ ಮಾಡುವವರು ಯಾರು? ಮರವೇ ಸ್ವತಃ ತಯಾರಿಸುತ್ತದೆಯೋ, ಒಳಗೆ ಸೇರಿಕೊಂಡ ಯಾವುದೋ ಸೂಕ್ಷ್ಮಜೀವಿಯೋ? ಈ ಪ್ರಶ್ನೆಯನ್ನು ಅಂಚಿನಲ್ಲಿ ಬರೆದಿಟ್ಟುಕೊಂಡೆ. ಮುಂದೆ ಓದಿದ ಪ್ರತಿಯೊಂದು ಮರದ ಪಕ್ಕದಲ್ಲೂ ಇದೇ ಪ್ರಶ್ನೆ ಬರೆಯಬೇಕಾಯಿತು.

ಸಿಂಹಳದ ಹಳೆಯ ವೈದ್ಯದಲ್ಲಿ ಈ ಕಟ್ಟಿಗೆಯನ್ನು ತೇಯ್ದು ನಿಂಬೆರಸದಲ್ಲಿ ಕಲಸಿ ತುರಿಕಜ್ಜಿಗೆ ಹೊಟ್ಟೆಗೆ ಕೊಡುತ್ತಿದ್ದರು. ಅಂಥ ವಾಸನೆಯದನ್ನು ಬಾಯಿಗೆ ಹಾಕಿಕೊಂಡವರ ನಂಬಿಕೆ ಎಷ್ಟು ಗಟ್ಟಿಯಾಗಿದ್ದಿರಬೇಕು ಎಂದು ಯೋಚಿಸುತ್ತೇನೆ.

ಎಷ್ಟು ಎಂಬುದರ ಮೇಲೆ

ಸ್ಕಟೋಲಿನ ಜಾಡು ಹಿಡಿದು ಹೋದರೆ ಅದು ನಮ್ಮ ದೇವರ ಕೋಣೆಗೇ ಕರೆದೊಯ್ಯುತ್ತದೆ. ಪುನುಗು ಬೆಕ್ಕಿನ ಗ್ರಂಥಿಯಿಂದ ಒಸರುವ ಪುನುಗಿನಲ್ಲಿ ಸ್ಕಟೋಲ್ ಇದೆ. ಕಸ್ತೂರಿಯ ಜೊತೆಗೇ ಪುನುಗನ್ನೂ ಹೆಸರಿಸುವುದು ನಮ್ಮಲ್ಲಿ ರೂಢಿ. ತಿರುಮಲೆಯ ವೆಂಕಟೇಶ್ವರನಿಗೆ ಶುಕ್ರವಾರದ ಅಭಿಷೇಕದ ನಂತರ ಹಚ್ಚುವುದು ಪುನುಗಿನ ತೈಲ. ಸ್ಕಟೋಲಿನ ಹತ್ತಿರದ ನೆಂಟ ಇಂಡೋಲ್ ಮಲ್ಲಿಗೆ ಹೂವಿನಲ್ಲಿದೆ. ಅರಳಿದ ಮಲ್ಲಿಗೆಯ ರಾಶಿಯಲ್ಲಿ ಮುಖ ಹುದುಗಿಸಿದಾಗ ಪರಿಮಳದ ಅಡಿಯಲ್ಲಿ ಭಾರವಾದ, ತುಸು ಕೊಳೆತಂಥ ಎಳೆಯೊಂದು ಸಿಗುತ್ತದಲ್ಲ, ಅದು ಅದರದೇ. ಆ ಎಳೆ ತೆಗೆದರೆ ಮಲ್ಲಿಗೆ ಮಲ್ಲಿಗೆಯಾಗಿ ಉಳಿಯುವುದಿಲ್ಲ ಎಂದು ಅತ್ತರು ಮಾಡುವವರಿಗೆ ಗೊತ್ತು. ಅದಕ್ಕೇ ಅವರು ಲೇಶಮಾತ್ರ ಸ್ಕಟೋಲನ್ನು ಬೇಕೆಂದೇ ಬೆರೆಸುತ್ತಾರೆ.

ಹಾಗಿದ್ದರೆ ಸುವಾಸನೆ, ದುರ್ವಾಸನೆ ಎಂಬ ಎರಡು ಗುಂಪು ವಸ್ತುವಿನಲ್ಲಿಲ್ಲ. ಪ್ರಮಾಣದಲ್ಲಿದೆ, ಮೂಸುವವರಲ್ಲಿದೆ. ಅಮೆರಿಕದ ಉಷ್ಣವಲಯದ ಹಸಿರು ಹೊಳಪಿನ ಒಂದು ಜಾತಿಯ ಗಂಡು ದುಂಬಿಗಳು ಸ್ಕಟೋಲಿಗೆ ಸೋತು ಬರುತ್ತವೆ. ಕ್ಯೂಲೆಕ್ಸ್ ಸೊಳ್ಳೆ ಮೊಟ್ಟೆ ಇಡಲು ಕೊಳಕು ನೀರು ಹುಡುಕುವಾಗ ಹಿಂಬಾಲಿಸುವುದೂ ಇದೇ ವಾಸನೆಯನ್ನು. ನಮಗೆ ವಾಕರಿಕೆ ತರುವುದು ಇನ್ನೊಬ್ಬರಿಗೆ ವಿಳಾಸ. ಕಟ್ಟಿಗೆಯೊಳಗಿನದಕ್ಕೆ ಮಾತ್ರ ವಿಳಾಸವೇ ಇಲ್ಲ ಎಂಬ ಮೊದಲ ಗೊಂದಲ ಇನ್ನೂ ಹಾಗೇ ಇದೆ.

ಚೇಗು ಹೇಗೆ ಕಟ್ಟುತ್ತದೆ

ಉತ್ತರದ ಒಂದು ತುದಿ ಚೇಗಿನಲ್ಲಿದೆ. ದಿಮ್ಮಿಯ ಅಡ್ಡಸೀಳು ನೋಡಿದರೆ ಹೊರಗೆ ಬಿಳಿಯ ಸುತ್ತು, ಒಳಗೆ ಬಣ್ಣ ಕಟ್ಟಿದ ಚೇಗು. ಬಿಳಿ ಸುತ್ತಿನಲ್ಲಿ ನೀರು ಏರುತ್ತದೆ, ಜೀವಂತ ಕೋಶಗಳಿವೆ, ಅವುಗಳಲ್ಲಿ ಪಿಷ್ಟ, ಸಕ್ಕರೆ ತುಂಬಿರುತ್ತದೆ. ಒಳಗಿನ ಚೇಗಿನಲ್ಲಿ ಜೀವವಿಲ್ಲ. ಎರಡರ ನಡುವೆ ಸಣ್ಣದೊಂದು ಗಡಿ. ವರ್ಷ ವರ್ಷ ಮರ ದಪ್ಪವಾದಂತೆ ಆ ಗಡಿ ಹೊರಕ್ಕೆ ಸರಿಯುತ್ತದೆ. ಗಡಿಗೆ ಸಿಕ್ಕ ಕೋಶಗಳು ಸಾಯುವ ಮುನ್ನ ಒಂದು ಕೆಲಸ ಮಾಡುತ್ತವೆ: ತಮ್ಮಲ್ಲಿ ಉಳಿದ ಪಿಷ್ಟ, ಸಕ್ಕರೆಯನ್ನು ಬೇರೆ ಬೇರೆ ರಾಸಾಯನಿಕಗಳಾಗಿ ಬದಲಿಸಿ ಸುತ್ತಲಿನ ಗೋಡೆಗಳಿಗೆ ಉಣಿಸುತ್ತವೆ. ತೇಗದ ಎಣ್ಣೆಯ ಅಂಶ, ಹೊನ್ನೆಯ ಬಣ್ಣ, ಶ್ರೀಗಂಧದ ಸ್ಯಾಂಟಲಾಲ್ ಎಲ್ಲವೂ ಹೀಗೆ ಸಾಯುವ ಕೋಶಗಳ ಕೊನೆಯ ದುಡಿಮೆ.

ಈ ದುಡಿಮೆಯ ಫಲ ಶಿಲೀಂಧ್ರಕ್ಕೂ ಗೆದ್ದಲಿಗೂ ತಡೆ. ಸತ್ತ ಭಾಗ ಗಾಯವಾದರೆ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳಲಾರದು. ಅದಕ್ಕೆ ಮೊದಲೇ ಮದ್ದು ತುಂಬಿಸಿಡಬೇಕು. ಆ ಮದ್ದಿನಲ್ಲಿ ಕೆಲವು ಗಾಳಿಗೆ ಹಾರುವಂಥವು, ಅವು ನಮ್ಮ ಮೂಗಿಗೆ ಸಿಕ್ಕಾಗ ಒಂದಕ್ಕೆ ಗಂಧ ಎನ್ನುತ್ತೇವೆ, ಇನ್ನೊಂದಕ್ಕೆ ಗಬ್ಬು ಎನ್ನುತ್ತೇವೆ. ಮಾರಿಷಸ್ ಮತ್ತು ರಿಯೂನಿಯನ್ ದ್ವೀಪಗಳಲ್ಲಿ ಮಾತ್ರ ಬೆಳೆಯುವ ಫೀಟಿಡಿಯಾ ಮಾರಿಷಿಯಾನಾ ಎಂಬ ಮರವನ್ನು ಅಲ್ಲಿನ ಫ್ರೆಂಚ್ ಭಾಷಿಕರು ಬ್ವಾ ಪ್ಯುಆಂ, ಅಂದರೆ ನಾರುವ ಕಟ್ಟಿಗೆ, ಎಂದೇ ಕರೆದರು. ಬಾಳಿಕೆ ಬರುವ ಗಟ್ಟಿ ಮರವೆಂದು ಕಟ್ಟಡಕ್ಕೂ ಬಳಸಿದರು. ನಾತ ಎಂದು ಮುಖ ತಿರುಗಿಸಿದವರೂ ಅದರ ತೊಲೆಯನ್ನು ನಂಬಿದರು.

ಮೊದಲ ಪ್ರಶ್ನೆಗೆ ಹೀಗೆ ಅರ್ಧ ಉತ್ತರ ಸಿಗುತ್ತದೆ. ಕಟ್ಟಿಗೆಯೊಳಗಿನ ವಾಸನೆ ಯಾರನ್ನೂ ಕರೆಯುವುದಲ್ಲ. ಮರ ತನ್ನ ಒಳಗನ್ನು ಕಾಯ್ದುಕೊಳ್ಳುವ ಕೆಲಸದಲ್ಲಿ ತಾನಾಗಿ ಹುಟ್ಟುವಂಥದು.

ದಾಲ್ಚಿನ್ನಿಯ ಬಂಧು

ದಕ್ಷಿಣ ಆಫ್ರಿಕಾದ ನೈಸ್ನಾ ಕಾಡಿನ ಒಕೋಟಿಯಾ ಬುಲೇಟಾ ಮರಕ್ಕೆ ಅಲ್ಲಿ ಸ್ಟಿಂಕ್‌ವುಡ್ ಎಂದೇ ಹೆಸರು. ದಾಲ್ಚಿನ್ನಿ, ಕರ್ಪೂರದ ಮರಗಳ ಕುಟುಂಬಕ್ಕೆ ಸೇರಿದ್ದು. ಅಷ್ಟು ಪರಿಮಳದ ಮನೆಯಲ್ಲಿ ಹುಟ್ಟಿದ ಮರ ಕಡಿದ ಹೊಸತರಲ್ಲಿ ಹೇಸಿಗೆ ಬರುವಷ್ಟು ನಾರುತ್ತದೆ. ಒಣಗಿದಂತೆ ನಾತ ಹೋಗುತ್ತದೆ. ಉಳಿಯುವುದು ಕಡುಕಂದಿನಿಂದ ಕಪ್ಪಿನವರೆಗೆ ಹೊಳೆಯುವ, ನಯವಾಗಿ ಕೂರುವ ಕಟ್ಟಿಗೆ. ಕೇಪ್ ಪ್ರಾಂತ್ಯದ ಹಳೆಯ ಡಚ್ ಮನೆಗಳ ಕುರ್ಚಿ, ಕಪಾಟುಗಳಲ್ಲಿ ಬೆಲೆಬಾಳುವವು ಈ ಮರದ್ದು.

ನಾತ ಈ ಮರವನ್ನು ಮನುಷ್ಯರಿಂದ ಕಾಪಾಡಲಿಲ್ಲ. ಪೀಠೋಪಕರಣಕ್ಕೆಂದು ದೊಡ್ಡ ಮರಗಳು ಹೋದವು. ಔಷಧಕ್ಕೆಂದು ತೊಗಟೆ ಸುಲಿದರು. ಕಾಂಡದ ಸುತ್ತ ಉಂಗುರದಂತೆ ತೊಗಟೆ ತೆಗೆದರೆ ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವ ದಾರಿ ಮುಚ್ಚಿ ಮರ ನಿಂತಲ್ಲೇ ಸಾಯುತ್ತದೆ. ಈಗ ಅದು ಅಲ್ಲಿ ಕಾನೂನಿನ ರಕ್ಷಣೆಯಲ್ಲಿರುವ ಮರ.

ನಾತ ಎಷ್ಟು ದಿನ ಇರುತ್ತದೆ ಎಂಬುದೂ ಬರೆದಿಡಬೇಕಾದ ವಿಷಯ ಎಂದು ಈ ಮರದಿಂದ ತಿಳಿಯಿತು. ಹಸಿ ಮರದ ನಾತ, ಒಣಮರದ ನಾತ, ಒಣಗಿದ್ದು ಮತ್ತೆ ನೆನೆದಾಗಿನ ನಾತ ಮೂರೂ ಒಂದೇ ಅಲ್ಲ.

ಒಂದೇ ಕುಲ, ಎರಡು ಗುಣ

ಡಿಸಾಕ್ಸಿಲಂ ಕುಲದ ಮರಗಳಲ್ಲಿ ಕೆಲವಕ್ಕೆ ಆಗ್ನೇಯ ಏಷ್ಯಾದಲ್ಲಿ ಈರುಳ್ಳಿ, ಬೆಳ್ಳುಳ್ಳಿಯ ಘಾಟು. ನಾರುವ ಕಟ್ಟಿಗೆ ಎಂಬ ಅರ್ಥದ ಕುಲನಾಮ ಬಂದದ್ದೂ ಅದರಿಂದಲೇ. ಅದೇ ಕುಲದ ಡಿಸಾಕ್ಸಿಲಂ ಮಲಬಾರಿಕಂ ನಮ್ಮ ಕೊಡಗಿನ ಬಿಳಿ ದೇವದಾರು. ಇದರ ಕಟ್ಟಿಗೆ ಕಂಪಿನದು. ಪಶ್ಚಿಮಘಟ್ಟದಲ್ಲಿ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಈ ಮರ ಹುಟ್ಟುವುದಿಲ್ಲ. ಈಗ ಇದರ ದೊಡ್ಡ ಮರಗಳನ್ನು ನೋಡಬೇಕೆಂದರೆ ಕೊಡಗಿನ ದೇವರಕಾಡುಗಳಿಗೆ ಹೋಗಬೇಕು, ಇಲ್ಲವೇ ಕಾಫಿ ತೋಟದ ನಡುವೆ ಒಂಟಿಯಾಗಿ ಉಳಿದವನ್ನು ಹುಡುಕಬೇಕು. ಹಾಗೆ ಒಂಟಿಯಾದ ಮರಗಳ ನಡುವೆಯೂ ಪರಾಗ ಕಿಲೋಮೀಟರುಗಟ್ಟಲೆ ದೂರ ಸಾಗುತ್ತದೆ ಎಂದು ಸಂಶೋಧಕರು ಬೀಜಗಳ ಆನುವಂಶಿಕ ಪರೀಕ್ಷೆಯಿಂದ ಕಂಡುಕೊಂಡಿದ್ದಾರೆ.

ಐಲ್ಯಾಂಥಸ್ ಕುಲದಲ್ಲೂ ಹೀಗೆಯೇ. ಚೀನಾದ ಐಲ್ಯಾಂಥಸ್ ಆಲ್ಟಿಸಿಮಾ ಎಲೆ ಕಿವುಚಿದರೂ ಕೊಂಬೆ ಮುರಿದರೂ ಕನರಿದ ಕಡಲೆಬೀಜದ ವಾಸನೆ. ಚೀನೀಯರು ಅದನ್ನು ನಾತದ ಮರವೆಂದೇ ಕರೆಯುತ್ತಾರೆ. ಅದೇ ಕುಲದ, ನಮ್ಮ ಘಟ್ಟದ ಐಲ್ಯಾಂಥಸ್ ಟ್ರೈಫೈಸಾದ ತೊಗಟೆಗೆ ಕಚ್ಚು ಹಾಕಿದರೆ ಒಸರುವ ಅಂಟು ಹಾಲ್ಮಡ್ಡಿ. ಮೈಸೂರು, ಬೆಂಗಳೂರಿನ ಅಗರಬತ್ತಿಗೆ ಹದವಾದ ಮೈಕಟ್ಟು ಕೊಡುವುದು ಅದು.

ಒಂದೇ ಕುಲದ ಒಂದು ಮರ ಗಂಧಕದ ಜಾಡಿನ ವಸ್ತು ತಯಾರಿಸುತ್ತದೆ, ಇನ್ನೊಂದು ರಾಳದ ಜಾಡಿನದು. ತಡೆಯಬೇಕಾದ ಶತ್ರು ಬೇರೆ, ನಿಂತ ನೆಲ ಬೇರೆ, ಬಂದ ದಾರಿ ಬೇರೆ. ನಾತ ಎಂಬುದು ಕುಲಕ್ಕೆ ಅಂಟಿದ ಗುಣವಲ್ಲ ಎಂದು ಬರೆದುಕೊಂಡೆ.

ಮುಟ್ಟಿದ ಮೇಲೆ ಹುಟ್ಟುವ ನಾತ

ಇಡೀ ಬೆಳ್ಳುಳ್ಳಿ ಎಸಳು ನಾರುವುದಿಲ್ಲ, ಜಜ್ಜಿದರೆ ನಾರುತ್ತದೆ. ಕೋಶದ ಒಂದು ಕೋಣೆಯಲ್ಲಿ ವಾಸನೆಯಿಲ್ಲದ ಗಂಧಕದ ವಸ್ತು, ಇನ್ನೊಂದರಲ್ಲಿ ಅದನ್ನು ಒಡೆಯುವ ಕಿಣ್ವ. ಗೋಡೆ ಒಡೆದಾಗ ಎರಡೂ ಸೇರಿ ಘಾಟು ಹುಟ್ಟುತ್ತದೆ. ಬೋರ್ನಿಯೋ, ಮಲೇಶಿಯಾದ ಕುಲಿಂ ಮರಕ್ಕೆ, ಬ್ರೆಜಿಲ್ಲಿನ ಪಾವ್ ದಾಲ್ಯೋ ಮರಕ್ಕೆ ಬೆಳ್ಳುಳ್ಳಿ ಮರವೆಂದೇ ಹೆಸರಾಗಿದೆ. ಕಡಿದರೆ ಆಳೆತ್ತರದ ಕಾಂಡದಿಂದ ಬೆಳ್ಳುಳ್ಳಿ ವಾಸನೆ.

ದೂರದ ಈ ಮರಗಳ ಮಾತು ಬಿಟ್ಟು ಹಿತ್ತಲಿನ ಒಂದು ಕುರುಚಲು ಗಿಡಕ್ಕೆ ಬರುತ್ತೇನೆ: ನಾಚಿಕೆಮುಳ್ಳು. ಮಳೆ ಬಿದ್ದು ಮೆತ್ತಗಾದ ಕೆಂಪು ಮಣ್ಣಿನಿಂದ ಇದನ್ನು ಬುಡ ಹಿಡಿದು ಎಳೆದವರಿಗೆ ಮುಳ್ಳು ಚುಚ್ಚುವುದಕ್ಕೂ ಮೊದಲೇ ಒಂದು ವಾಸನೆ ಬರುತ್ತದೆ. ಬೇರಿಗೆ ಅಂಟಿದ ಮಣ್ಣು ಉದುರಿಸಿ ಹತ್ತಿರ ತಂದರೆ ಗೊತ್ತಾಗುತ್ತದೆ, ಕೊಳೆತ ಗಂಧಕದಂಥದು. ಬೇರಿನ ಮೇಲೆ ಸಣ್ಣ ಗಂಟುಗಳು, ಗಂಟಿನ ನಡುವೆ ಕೂದಲಿನಷ್ಟು ಸಪೂರ ಎಳೆಗಳು. ಒಂದೆರಡು ನಿಮಿಷದಲ್ಲಿ ನಾತ ತೆಳ್ಳಗಾಗುತ್ತದೆ. ಬೆರಳಿನಿಂದ ಮತ್ತೆ ಉಜ್ಜಿದರೂ ಮೊದಲಿನಷ್ಟು ಬರುವುದಿಲ್ಲ.

2016ರಲ್ಲಿ ನ್ಯೂಯಾರ್ಕ್ ರಾಜ್ಯದ ಆಲ್ಬನಿ ವಿಶ್ವವಿದ್ಯಾಲಯದ ರಾಬಿ ಮೂಸಾ ಮತ್ತು ಸಂಗಡಿಗರು ಈ ಬೇರನ್ನೇ ಪರೀಕ್ಷಿಸಿ ಪ್ರಕಟಿಸಿದ್ದು ನನ್ನನ್ನು ಇನ್ನೂ ಬೆರಗುಗೊಳಿಸುತ್ತದೆ. ಎಳೆಯ ಗಿಡದ ಬೇರನ್ನು ಮನುಷ್ಯನ ಬೆರಳು ಮುಟ್ಟಿದರೆ ಗಂಧಕದ ವಸ್ತುಗಳು ಹೊರಬಂದವು. ಮಣ್ಣು ಸರಿದಾಗಲೂ ಬಂದವು. ಗಾಜೋ ಲೋಹವೋ ತಾಗಿದರೆ ಬರಲಿಲ್ಲ. ಬೇರಿನ ಮೇಲಿದ್ದ ಸೂಕ್ಷ್ಮ ಚೀಲಗಳು ವಾಸನೆ ಬಿಟ್ಟ ಮೇಲೆ ಕುಸಿದಿದ್ದವು. ಎಲೆ ಮಡಚುವುದನ್ನು ಮಕ್ಕಳೆಲ್ಲ ಆಡಿ ನೋಡಿದ ಗಿಡ ಇದು. ನೆಲದಡಿಯಲ್ಲಿ ಅದರ ಬೇರು ಯಾರು ಮುಟ್ಟಿದರು ಎಂದು ತಿಳಿದು ಉತ್ತರಿಸುತ್ತದೆ.

ಹೀಗಾಗಿ ನಾತವನ್ನು ಎರಡು ಬಗೆಯಾಗಿ ಬರೆದಿಡಬೇಕು. ಒಂದು, ಮೊದಲೇ ತುಂಬಿಟ್ಟದ್ದು. ಇನ್ನೊಂದು, ಗಾಯವಾದ ಗಳಿಗೆಯಲ್ಲಿ ಹುಟ್ಟಿದ್ದು. ಕಡಿಯುವವರ ಮೂಗಿಗೆ ಎರಡೂ ಒಂದೇ. ಮರಕ್ಕೆ ಎರಡೂ ಬೇರೆ.

ಒಳಗಿನ ಬಾಡಿಗೆದಾರರು

ಮೂರನೆಯ ಬಗೆಯೂ ಇದೆ, ಅದು ಮರದ್ದಲ್ಲವೇ ಅಲ್ಲ. ಎಲ್ಮ್, ಪಾಪ್ಲರ್, ಓಕ್ ಮರಗಳ ನಡುಗಾಂಡದಲ್ಲಿ ಕೆಲವೊಮ್ಮೆ ನೀರು ಕಟ್ಟಿದ, ಗಾಳಿಯಾಡದ ಭಾಗವೊಂದು ಬೆಳೆಯುತ್ತದೆ. ಬೇರಿನ, ಕೊಂಬೆಯ ಗಾಯದ ದಾರಿಯಲ್ಲಿ ಒಳಹೊಕ್ಕ ಬ್ಯಾಕ್ಟೀರಿಯಾ ಅಲ್ಲಿ ಹುದುಗು ಹಿಡಿಸುತ್ತವೆ. ಹುಟ್ಟುವುದು ಅಸೆಟಿಕ್, ಪ್ರೊಪಿಯಾನಿಕ್, ಬ್ಯುಟೈರಿಕ್ ಆಮ್ಲಗಳು. ಕನರಿದ ತುಪ್ಪದ ಮುಗ್ಗಲು ವಾಸನೆ ಬ್ಯುಟೈರಿಕ್ ಆಮ್ಲದ್ದೇ. ಅಂಥ ಮರ ಸೀಳಿದಾಗ ವಾಂತಿಯ ಹುಳಿನಾತ ಬಂದರೆ ಅಚ್ಚರಿಯಿಲ್ಲ.

1974ರಲ್ಲಿ ವಿಸ್ಕಾನ್ಸಿನ್ನಿನ ಝೈಕಸ್ ಮತ್ತು ವಾರ್ಡ್ ಎಂಬ ಇಬ್ಬರು ವಿಜ್ಞಾನಿಗಳು ಜೀವಂತವಾಗಿ ನಿಂತ ಕಾಟನ್‌ವುಡ್ ಮರಗಳ ಒಳಗೆ ಮೀಥೇನ್ ಅನಿಲ ಇರುವುದನ್ನೂ ಅದನ್ನು ತಯಾರಿಸುವವು ಸೂಕ್ಷ್ಮಜೀವಿಗಳೆಂಬುದನ್ನೂ ತೋರಿಸಿದರು. ನಮ್ಮ ಗೋಬರ್ ಗ್ಯಾಸ್ ಗುಂಡಿಯಲ್ಲಿ ನಡೆಯುವ ಕೆಲಸ ಹಸಿರೆಲೆ ಹೊತ್ತು ನಿಂತ ಮರದ ನಡುವೆ ನಡೆಯುತ್ತಿತ್ತು.

ಹೀಗೆ ಹುಳಿತ ಹಲಗೆ ಒಣಗುವಾಗ ಒಳಗೊಳಗೇ ಸೀಳು ಬಿಡುತ್ತದೆ. ಮೂಗಿಗೆ ಹುಳಿ ಬಡಿದರೆ ಆ ದಿಮ್ಮಿಯನ್ನು ಬೇರೆ ಇಟ್ಟು ನಿಧಾನ ಒಣಗಿಸುವುದು ಲೇಸು. ನಾತ ಇಲ್ಲಿ ಒಂದು ತಿಳಿವಳಿಕೆ.

ಇದಕ್ಕೆ ಎದುರಾಗಿ ಅಗರು ಮರವನ್ನು ಇಟ್ಟು ನೋಡುತ್ತೇನೆ. ಮಲೆನಾಡಿನ, ಕೊಡಗಿನ ರೈತರು ಈಗ ಅಡಿಕೆ, ಕಾಫಿಯ ಜೊತೆಗೆ ಅಗರು ನೆಡುತ್ತಿದ್ದಾರೆ. ಗಾಯವಾಗದ, ಸೋಂಕು ತಗಲದ ಅಗರು ಮರದ ಕಟ್ಟಿಗೆ ಬೆಳ್ಳಗೆ, ಹಗುರ, ವಾಸನೆಯಿಲ್ಲದ್ದು. ಗಾಯವಾಗಿ ಶಿಲೀಂಧ್ರ ಹೊಕ್ಕಾಗ ಮರ ಅದನ್ನು ತಡೆಯಲು ರಾಳ ಸುರಿಸುತ್ತದೆ. ಆ ಕಪ್ಪು ರಾಳ ತುಂಬಿದ ಕಟ್ಟಿಗೆಯೇ ಜಗತ್ತಿನ ಅತ್ಯಂತ ಬೆಲೆಯ ಸುಗಂಧಗಳಲ್ಲೊಂದು. ಅಲ್ಲಿಯೂ ಸೋಂಕು, ಇಲ್ಲಿಯೂ ಸೋಂಕು. ಒಂದು ಕಡೆ ಬಂದದ್ದು ಹುಳಿನಾತ, ಇನ್ನೊಂದು ಕಡೆ ಅತ್ತರು. ಪಾಪ್ಲರಿನಲ್ಲಿ ನಾವು ಮೂಸುವುದು ಬಾಡಿಗೆದಾರನ ಕಸವನ್ನು, ಅಗರಿನಲ್ಲಿ ಮೂಸುವುದು ಮನೆಯೊಡೆಯನ ಹೋರಾಟವನ್ನು.

ರಬ್ಬರ್ ದಿಮ್ಮಿಯ ಹತ್ತಿರ

ಸುಳ್ಯ, ಪುತ್ತೂರಿನ ಕಡೆ ಹಾಲು ಬತ್ತಿದ ರಬ್ಬರ್ ಮರಗಳನ್ನು ಕಡಿದು ಸಾಮಿಲ್ಲಿಗೆ ತರುತ್ತಾರೆ. ಮಳೆಗಾಲದಲ್ಲಿ ಆ ರಾಶಿಯ ಪಕ್ಕ ನಿಂತರೆ ಹುಳಿ ಹಿಡಿದ ಹಿಟ್ಟಿನ ವಾಸನೆ. ಕೊಯ್ದ ಹಲಗೆಯ ಮೇಲೆ ಬೆರಳಾಡಿಸಿದರೆ ಅಂಟಂಟು. ಅಂಚಿನಲ್ಲಿ ನೀಲಿ ಬೂದು ಕಲೆ ಆಗಲೇ ಇಳಿಯತೊಡಗಿರುತ್ತದೆ. ಹಲಗೆಯ ಅಡ್ಡಸೀಳಿನಲ್ಲಿ ಹೊರಗಿನಿಂದ ನಡುವಿನವರೆಗೆ ಒಂದೇ ಬಣ್ಣ, ಚೇಗೆಂದು ಗುರುತಿಸುವ ಗೆರೆಯೇ ಇಲ್ಲ.

"ಇದು ಬಂದ ದಿವ್ಸವೇ ಕೊಯ್ದು ಮದ್ದಿಗೆ ಹಾಕ್ಬೇಕು ಸಾರ್, ನಾಳೆ ಅಂತ ಇಟ್ರೆ ನಾರ್ತದೆ, ಹುಳ ಬೀಳ್ತದೆ" ಎಂದರು ಗರಗಸದ ಹತ್ತಿರ ನಿಂತಿದ್ದವರು. ಮದ್ದು ಎಂದರೆ ಬೋರಾಕ್ಸ್, ಬೋರಿಕ್ ಆಮ್ಲದ ದ್ರಾವಣ.

ಅವರ ಮಾತಿನಲ್ಲಿ ಹಿಂದಿನ ಟಿಪ್ಪಣಿಗಳಿಗೆಲ್ಲ ಬೇಕಾದ ಕೊಂಡಿ ಇತ್ತು. ರಬ್ಬರ್ ಮರ ಪಿಷ್ಟ, ಸಕ್ಕರೆಯನ್ನು ಮದ್ದಾಗಿ ಬದಲಿಸಿ ಚೇಗು ಕಟ್ಟುವುದಿಲ್ಲ. ಇಡೀ ಕಾಂಡ ಊಟದ ಉಗ್ರಾಣ. ಹಾಗಾಗಿ ಕಡಿದ ಕೂಡಲೇ ಶಿಲೀಂಧ್ರ, ಬ್ಯಾಕ್ಟೀರಿಯಾ, ಕೊರೆಹುಳ ಎಲ್ಲರೂ ಉಣ್ಣಲು ಕೂರುತ್ತಾರೆ. ಇಲ್ಲಿ ನಾತ ಬರುವುದು ಮದ್ದಿಲ್ಲದ್ದರಿಂದ. ಬ್ವಾ ಪ್ಯುಆಂನಲ್ಲಿ ನಾತದ ಕಟ್ಟಿಗೆಯೇ ಬಾಳಿಕೆಯ ಕಟ್ಟಿಗೆ. ನಾರುವ ಮರ ಕೆಟ್ಟ ಮರ ಎಂಬ ತೀರ್ಮಾನವಾಗಲಿ, ನಾರುವ ಮರ ಗಟ್ಟಿ ಮರ ಎಂಬ ತೀರ್ಮಾನವಾಗಲಿ ಎರಡೂ ನಿಲ್ಲುವುದಿಲ್ಲ. ನಾತ ಯಾರದು ಎಂದು ಮೊದಲು ಕೇಳಬೇಕು.

ಮಳೆಗೆ ಮುನ್ನ

ಆಸ್ಟ್ರೇಲಿಯಾದ ಒಣ ಒಳನಾಡಿನ ಗಿಡ್ಜಿ ಎಂಬ ಜಾಲಿಯ ಬಂಧು, ಅಕೇಶಿಯಾ ಕ್ಯಾಂಬಗೈ, ತೇವ ಏರಿದ ದಿನ ಕಾಡಿಗೆ ಕಾಡೇ ಅನಿಲ ಸೋರಿದಂಥ ನಾತ ಬಿಡುತ್ತದೆ. ಮಳೆ ಬರುವ ಸೂಚನೆ ಎಂದು ಅಲ್ಲಿಯವರು ಅದನ್ನು ಓದುತ್ತಾರೆ. ಕಟ್ಟಿಗೆ ಮಾತ್ರ ಕಬ್ಬಿಣದಂತೆ ಭಾರ, ಒಳ್ಳೆಯ ಸೌದೆ. ಒಣಹವೆಯಲ್ಲಿ ಸುಮ್ಮನಿದ್ದ ವಾಸನೆ ತೇವಕ್ಕೆ ಏಳುವುದು ಗುರೆಂದದ ತುಂಡಿಗೆ ನೀರು ಚಿಮುಕಿಸಿದಾಗಲೂ ಕಂಡದ್ದೇ. ಮರದ ವಾಸನೆ ಬರೆಯುವಾಗ ಹವೆಯನ್ನೂ ಬರೆಯಬೇಕು.

ದುರ್ವಾಸನೆ ಮರ

ಈ ಟಿಪ್ಪಣಿಗಳಲ್ಲಿ ನನ್ನ ಮನಸ್ಸು ಹೆಚ್ಚು ಹೊತ್ತು ನಿಂತದ್ದು ನಮ್ಮ ಘಟ್ಟದ ಒಂದು ಸಣ್ಣ ಮರದ ಹತ್ತಿರ. ಕನ್ನಡದಲ್ಲಿ ಇದಕ್ಕೆ ದುರ್ವಾಸನೆ ಮರ ಎಂಬ ಹೆಸರಿದೆ, ಮಹಾರಾಷ್ಟ್ರದಲ್ಲಿ ನರಕ್ಯಾ. ಸಸ್ಯಶಾಸ್ತ್ರದಲ್ಲಿ ಹಿಂದೆ ಮ್ಯಾಪಿಯಾ ಫೀಟಿಡಾ, ಈಗ ನೋಥಾಪೊಡೈಟಿಸ್ ನಿಮ್ಮೋನಿಯಾನಾ.

ಕಾಡಿನ ಅಂಚಿನಲ್ಲಿ, ದೊಡ್ಡ ಮರಗಳ ನೆರಳಿನಲ್ಲಿ ಎರಡು ಮೂರು ಆಳೆತ್ತರ ಬೆಳೆದು ನಿಂತಿರುತ್ತದೆ. ಅಗಲವಾದ ಎಲೆ, ರೆಂಬೆಯ ತುದಿಯಲ್ಲಿ ಗೊಂಚಲಾಗಿ ಕೆನೆಬಣ್ಣದ ಪುಟ್ಟ ಹೂ. ಹೂವಿಗೆ ಮೂಗು ಕೊಟ್ಟರೆ ಹಿಂದೆ ಸರಿಯಬೇಕು, 'ದುರ್ವಾಸನೆ' ಬಂದದ್ದು ಇದರಿಂದ. ಕಾಯಿ ಹಣ್ಣಾದಾಗ ಕೆನ್ನೀಲಿ. ಹಲಗೆಗೆ ಆಗುವ ಗಾತ್ರವಿಲ್ಲ, ಹೂವಿಗೆ ಮುಡಿಯುವ ಯೋಗ್ಯತೆಯಿಲ್ಲ. ಬಹುಕಾಲ ಇದನ್ನು ಯಾರೂ ಗಮನಿಸಲಿಲ್ಲ.

1966ರಲ್ಲಿ ಅಮೆರಿಕದ ಮನ್ರೋ ವಾಲ್ ಮತ್ತು ಮುಂಬಯಿಯಿಂದ ಅಲ್ಲಿಗೆ ಹೋಗಿದ್ದ ಮನ್‌ಸುಖ್ ವಾನಿ ಚೀನಾದ ಕ್ಯಾಂಪ್ಟೊಥೀಕಾ ಎಂಬ ಮರದಿಂದ ಕ್ಯಾಂಪ್ಟೊಥೆಸಿನ್ ಎಂಬ ವಸ್ತುವನ್ನು ಪಡೆದರು. ಕೋಶ ವಿಭಜನೆಯಾಗುವಾಗ ಡಿಎನ್‌ಎಯ ಸಿಕ್ಕು ಬಿಡಿಸುವ ಒಂದು ಕಿಣ್ವವನ್ನು ಅದು ಕಟ್ಟಿಹಾಕುತ್ತದೆ. ವೇಗವಾಗಿ ಬೆಳೆಯುವ ಕ್ಯಾನ್ಸರ್ ಕೋಶ ಅಲ್ಲೇ ಸಾಯುತ್ತದೆ. 1972ರಲ್ಲಿ ಮುಂಬಯಿಯಲ್ಲಿ ಟಿ. ಆರ್. ಗೋವಿಂದಾಚಾರಿ ಮತ್ತು ಎನ್. ವಿಶ್ವನಾಥನ್ ಅದೇ ವಸ್ತುವನ್ನು ನಮ್ಮ ದುರ್ವಾಸನೆ ಮರದಲ್ಲಿ ಕಂಡರು. ಅದನ್ನು ಮಾರ್ಪಡಿಸಿ ಮಾಡಿದ ಟೋಪೊಟೆಕಾನ್, ಇರಿನೊಟೆಕಾನ್ ಎಂಬ ಔಷಧಗಳಿಗೆ 1996ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅಂಡಾಶಯದ, ಶ್ವಾಸಕೋಶದ, ದೊಡ್ಡ ಕರುಳಿನ ಕ್ಯಾನ್ಸರಿಗೆ ಇವನ್ನು ಆಸ್ಪತ್ರೆಗಳಲ್ಲಿ ಇಂದಿಗೂ ಕೊಡುತ್ತಾರೆ.

ಹೆಸರಿನಲ್ಲೇ ದುರ್ವಾಸನೆ ಹೊತ್ತಿದ್ದ ಮರಕ್ಕೆ ಬೆಲೆ ಬಂದದ್ದು ಹೀಗೆ. ಬೆಲೆ ಬಂದ ಮೇಲೆ ಘಟ್ಟದಿಂದ ಅದರ ಕಟ್ಟಿಗೆಯ ಚಕ್ಕೆ ಟನ್‌ಗಟ್ಟಲೆ ಹೊರಗೆ ಹೋಯಿತು. ಬುಡ ಉಳಿಸಿ ಕಡಿದರೆ ಮತ್ತೆ ಚಿಗುರುವ ಮರ ಇದು. ಆದರೆ ಬೇರಿನಲ್ಲೂ ಔಷಧವಿದೆ, ಅದಕ್ಕೇ ಬೇರನ್ನೂ ಅಗೆದರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆರ್. ಉಮಾಶಂಕರ್ ಮತ್ತು ಸಂಗಡಿಗರು ಘಟ್ಟದ ಬೇರೆ ಬೇರೆ ಕಡೆಯ ಮರಗಳಲ್ಲಿ ಕ್ಯಾಂಪ್ಟೊಥೆಸಿನ್ ಎಷ್ಟೆಷ್ಟಿದೆ ಎಂದು ಅಳೆದು, ಹೆಚ್ಚು ಇರುವ ಮರಗಳನ್ನು ಗುರುತಿಸಿದರು. ಅಂಥ ಮರಗಳ ಸಸಿ ಮಾಡಿ ತೋಟದಲ್ಲಿ ಬೆಳೆದರೆ ಕಾಡಿನ ಮರ ಉಳಿಯುತ್ತದೆ.

2005ರಲ್ಲಿ ಇನ್ನೊಂದು ಸುದ್ದಿ ಬಂತು. ಈ ಮರದೊಳಗೆ ಮರಕ್ಕೆ ತೊಂದರೆ ಕೊಡದೆ ವಾಸಿಸುವ ಒಂದು ಶಿಲೀಂಧ್ರವನ್ನು ಪ್ರಯೋಗಾಲಯದಲ್ಲಿ ಬೇರೆಯಾಗಿ ಬೆಳೆಸಿದಾಗ ಅದೂ ಕ್ಯಾಂಪ್ಟೊಥೆಸಿನ್ ತಯಾರಿಸಿತು! ಗುರೆಂದದ ಅಂಚಿನಲ್ಲಿ ಬರೆದಿದ್ದ ಪ್ರಶ್ನೆ ಇಲ್ಲಿ ಮತ್ತೆ ಎದುರಾಯಿತು: ಇದು ಮರದ್ದೋ, ಒಳಗಿನವರದ್ದೋ? ಈಗ ನನಗೆ ಆ ಪ್ರಶ್ನೆಯ ರೂಪವೇ ಬದಲಾಗಿದೆ. ಕಾಂಡವೆಂಬುದು ಒಬ್ಬರ ಮನೆಯಲ್ಲ. ಸತ್ತ ಕೋಶ, ಬದುಕಿರುವ ಕೋಶ, ಶಿಲೀಂಧ್ರ, ಬ್ಯಾಕ್ಟೀರಿಯಾ ಎಲ್ಲರ ಕೆಲಸವೂ ಅಲ್ಲಿ ಸೇರಿದೆ. ಗರಗಸ ಇಳಿದಾಗ ಬರುವ ವಾಸನೆ ಆ ಎಲ್ಲರ ಕೂಡುಕೆಲಸದ ಲೆಕ್ಕಪತ್ರ.

ಬರೆದಿಡಬೇಕಾದದ್ದು

ಮರದ ತುಂಡು ನೋಡಿ ಜಾತಿ ಗುರುತಿಸುವವರು ಜಗತ್ತಿನೆಲ್ಲೆಡೆ ಬಳಸುವ ಒಂದು ಪಟ್ಟಿಯಿದೆ. ಮರಶಾಸ್ತ್ರಜ್ಞರ ಅಂತಾರಾಷ್ಟ್ರೀಯ ಸಂಘ 1989ರಲ್ಲಿ ಪ್ರಕಟಿಸಿದ್ದು. ಅದರಲ್ಲಿ ಸೂಕ್ಷ್ಮದರ್ಶಕದಲ್ಲಿ ಕಾಣುವ ರಂಧ್ರ, ನಾರು, ಹರಳುಗಳ ಲಕ್ಷಣಗಳ ಜೊತೆಗೆ ವಾಸನೆಗೂ ಒಂದು ಸಾಲು ಇದೆ: ಸ್ಪಷ್ಟ ವಾಸನೆ ಉಂಟು, ಅಷ್ಟೇ. ಎಂಥ ವಾಸನೆ ಎಂದು ಆ ಸಾಲು ಕೇಳುವುದಿಲ್ಲ. ಕೇಳಿದರೂ ಉತ್ತರ ಹೇಳುವುದು ಕಷ್ಟ. ಮಲ್ಲೇಶ್ವರದ ಮರವಿಜ್ಞಾನ ಸಂಸ್ಥೆಯಂಥ ಕಡೆ ಜೋಡಿಸಿಟ್ಟ ಒಣಗಿದ ಮಾದರಿ ತುಂಡುಗಳಲ್ಲಿ ಬಣ್ಣ ಉಳಿದಿರುತ್ತದೆ, ನಾರಿನ ಜಾಡು ಉಳಿದಿರುತ್ತದೆ, ಹಾರಿಹೋಗುವ ವಾಸನೆ ಉಳಿದಿರುವುದಿಲ್ಲ. ಅಂಚನ್ನು ಹೊಸದಾಗಿ ಕೆತ್ತಿ ತೇವ ಮಾಡಿದರೆ ಸ್ವಲ್ಪ ಸಿಗಬಹುದು.

ವಾಸನೆಯ ಪೂರ್ತಿ ತಿಳಿವಳಿಕೆ ಇರುವುದು ಮರ ಬಿದ್ದ ಹೊತ್ತಿನಲ್ಲಿ ಅಲ್ಲಿರುವವರ ಬಳಿ. ಗರಗಸ ಹಿಡಿದವರು, ಸಾಮಿಲ್ಲಿನವರು, ಉಜ್ಜುಗೊರಡು ಹೊಡೆಯುವ ಆಚಾರಿಗಳು, ಯಾವ ಸೌದೆ ಒಲೆಗೆ ಬೇಡ ಎಂದು ಬಲ್ಲ ಹೆಂಗಸರು. ಅವರು ಮೂಸಿದ್ದನ್ನು ಯಾರೂ ಬರೆದುಕೊಳ್ಳುವುದಿಲ್ಲ. ನಮ್ಮ ಮರಗಳ ಪುಸ್ತಕಗಳಲ್ಲಿ ಎಲೆ, ಹೂ, ಕಾಯಿ, ಉಪಯೋಗ ಇರುತ್ತದೆ. ಕಡಿದಾಗ ಹೇಗೆ ನಾರುತ್ತದೆ ಎಂಬ ಸಾಲು ಅಪರೂಪ.

ಬರೆಯುವುದಕ್ಕೆ ಬೇಕಾದದ್ದು ಬಹಳವೇನಲ್ಲ. ಮರದ ಊರಹೆಸರು, ಗೊತ್ತಿದ್ದರೆ ಶಾಸ್ತ್ರೀಯ ಹೆಸರು. ನಾತ ಬಂದದ್ದು ಹೊರಗಿನ ಬಿಳಿ ಸುತ್ತಿನಿಂದಲೋ ಚೇಗಿನಿಂದಲೋ. ಕಡಿದ ಕೂಡಲೇ ಬಂತೋ, ಒಂದೆರಡು ದಿನ ಬಿಟ್ಟೋ. ಒಣಗಿದ ಮೇಲೆ ಹೋಯಿತೋ, ನೀರು ಬಿದ್ದಾಗ ಮರಳಿತೋ. ಒಳಗೆ ನೀರು ಕಟ್ಟಿತ್ತೋ, ಹಳೆಯ ಗಾಯವಿತ್ತೋ. ಗೆದ್ದಲು, ಕೊರೆಹುಳ ಮುಟ್ಟಿತ್ತೋ ಬಿಟ್ಟಿತ್ತೋ. ವಾಸನೆ ಯಾವುದರಂತಿತ್ತು ಎಂಬುದನ್ನು ಆ ಜಾಗದವರ ಮಾತಿನಲ್ಲೇ: ಕಮಟು, ಮುಗ್ಗಲು, ಘಾಟು, ಹುಳಿ, ಗಬ್ಬು. ಈ ಐದಾರು ಸಾಲುಗಳಿದ್ದರೆ ನಾತ ಮರ ತುಂಬಿಟ್ಟದ್ದೋ, ಗಾಯಕ್ಕೆ ಹುಟ್ಟಿದ್ದೋ, ಒಳಗಿನ ಬಾಡಿಗೆದಾರರದ್ದೋ ಎಂದು ಆಮೇಲೆ ಓದುವವರು ಬಿಡಿಸಿಕೊಳ್ಳಬಲ್ಲರು.

ರಸ್ತೆ ಅಗಲಿಸುವಾಗ, ವಿದ್ಯುತ್ ತಂತಿ ಎಳೆಯುವಾಗ, ಗಾಳಿಮಳೆಗೆ ಬಿದ್ದಾಗ ಮರ ಹೇಗೂ ಕೊಯ್ಯಿಸಿಕೊಳ್ಳುತ್ತದೆ. ಆ ಹೊತ್ತಿಗೆ ಅಲ್ಲಿ ಪೆನ್ನು ಹಿಡಿದವರೊಬ್ಬರು ಇರಲಿ, ಮೂಗು ಮುಚ್ಚಿಕೊಳ್ಳುವ ಮುನ್ನ ಎರಡು ಸಾಲು ಬರೆಯಲಿ ಎಂಬುದು ನನ್ನ ಕೋರಿಕೆ. ನಾಲ್ಕು ದಿನ ಕಳೆದು ಹೋದವರಿಗೆ ಆ ವಾಸನೆ ಸಿಗುವುದಿಲ್ಲ.